ನಮ್ಮ ಶಾಲೆ ಸಮುದ್ರಕ್ಕೆ ಬಿದ್ದದ್ದು ಹೇಗೆ?

ಹೋದ ಸಂಚಿಕೆಯಲ್ಲಿ ತೂಬುಗಳ ಬಗ್ಗೆ, ಅಂದರೆ ನಾಲೆಯಿಂದ ಗದ್ದೆಗೆ ನೀರು ಬಿಡುವ ಕಿಂಡಿಗಳ ಬಗ್ಗೆ ಬರೆದಿದ್ದೆ. ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿ ಮಕ್ಕಳು ತಮ್ಮೂರಿನ ನಾಲೆ ಏರಿಯ ಮೇಲೆ ನಡೆದು, ಪ್ರತಿ ತೂಬಿನ ಜಾಗ ಗುರುತು ಮಾಡಿಕೊಂಡು, ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡಿದ ಕತೆ ಅದು. ಅದಕ್ಕೆ ಇಷ್ಟೊಂದು ಕಾಗದ ಬರುತ್ತವೆ ಅಂತ ನಾನು ಅಂದುಕೊಂಡಿರಲಿಲ್ಲ. ಜಮೀನು ಭಾಗ ಮಾಡುವ ಪೋಡಿ, ಗಡಿ ಅಳೆದು ಗುರುತಿಸುವ ಹದ್ದುಬಸ್ತು, ಪಹಣಿ ತಿದ್ದುಪಡಿ ಅಂತ ಬರುವ ಪ್ರಶ್ನೆಗಳಿಂದಲೇ ಈ ಅಂಕಣದ ಹೊಟ್ಟೆ ತುಂಬುವುದು. ಈ ಸಲ ಅವನ್ನೆಲ್ಲ ಪಕ್ಕಕ್ಕಿಟ್ಟು ಶಾಲೆ ಮತ್ತು ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ ವಿದ್ಯೆ) ಬಗ್ಗೆ ಬಂದ ಪ್ರಶ್ನೆಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಮೇಷ್ಟ್ರಲ್ಲ. ಮಂಡ್ಯದ ಸುತ್ತಮುತ್ತ ಸರಪಳಿ ಎಳೆದೇ ತಲೆ ಬೆಳ್ಳಗಾದ ಭೂಮಾಪಕ. ಮನೆಯಲ್ಲಿ ಒಬ್ಬರು ಟೀಚರ್ ಇದ್ದಾರೆ. ಶನಿವಾರದ ಬೆಳಗಿನ ಶಾಲೆಗಳಿಗೆ ನಾನು ಹೋಗಲು ಶುರು ಮಾಡಿದ್ದು ಅವರ ಬಲವಂತಕ್ಕೆ.

ಪ್ರಶ್ನೆ: ನಮ್ಮ ಶಾಲೆಯಲ್ಲೂ ಜಿಐಎಸ್ ಕಲಿಸಬೇಕು ಅಂತ ಆಸೆ. ಆದರೆ ಅದು ಗೂಗಲ್ ಮ್ಯಾಪೇ ಅಲ್ವಾ? ಮಕ್ಕಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಇನ್ನೇನು ಕಲಿಸುವುದು, ಎಲ್ಲಿಂದ ಶುರು ಮಾಡುವುದು?
— ಸಮಾಜ ವಿಜ್ಞಾನ ಶಿಕ್ಷಕಿ, ಪಾಂಡವಪುರ ತಾಲ್ಲೂಕು

ಉತ್ತರ: ಮೇಡಂ, ಮನೆಯಲ್ಲಿ ಪಹಣಿ ಇದ್ದರೆ ಒಂದ್ಸಲ ತೆಗೆದು ನೋಡಿ. ಸರ್ವೆ ನಂಬರ್, ವಿಸ್ತೀರ್ಣ, ಖರಾಬು, ಯಾರ ಹೆಸರಲ್ಲಿದೆ, ಏನು ಬೆಳೆ, ಎಲ್ಲ ಬರೆದಿರುತ್ತದೆ. ಜಮೀನು ಎಲ್ಲಿದೆ, ಅದರ ಆಕಾರ ಹೇಗಿದೆ ಅನ್ನುವುದು ಮಾತ್ರ ಇರುವುದಿಲ್ಲ. ಈಗ ಗ್ರಾಮ ನಕ್ಷೆ ತೆಗೆಯಿರಿ. ಆಕಾರ ಇದೆ, ಯಾರದ್ದು ಅಂತ ಇಲ್ಲ. ಈ ಎರಡು ಕಾಗದಗಳನ್ನು ಸೇರಿಸಿ ಕಟ್ಟಿರುವ ಗಂಟು ಅಂದರೆ ಸರ್ವೆ ನಂಬರ್. ನಕ್ಷೆ ಮತ್ತು ಪಟ್ಟಿ, ನಡುವೆ ಒಂದು ಗಂಟು. ಜಿಐಎಸ್ ಅಂದರೆ ಇದೇ, ಕಂಪ್ಯೂಟರ್ ಒಳಗೆ ಕೂತಿದೆ ಅಷ್ಟೆ. ನಮ್ಮ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಗದ್ದೆಯಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದಲ್ಲ, ಅದು ಮಾಡುವುದೂ ಆ ಗಂಟು ಬಿಚ್ಚುವ ಕೆಲಸವನ್ನೇ.

ಗೂಗಲ್ ಮ್ಯಾಪ್‌ನಲ್ಲಿ ಆ ಪಟ್ಟಿ ಬೇರೆಯವರ ಕೈಯಲ್ಲಿರುತ್ತದೆ. ಶಾಲೆಯಲ್ಲಿ ಕಲಿಸಬೇಕಾದ್ದು ನಮ್ಮ ಪಟ್ಟಿಯನ್ನು ನಾವೇ ಮಾಡುವುದನ್ನು. ನನ್ನ ಅನುಭವದಲ್ಲಿ ನಕ್ಷೆ ಸುಲಭ, ಪಟ್ಟಿಯೇ ಕಷ್ಟ. ತೂಬಿನ ಕತೆಯಲ್ಲಿ ಹೋದ ಸಲ ಬಿಟ್ಟುಹೋದ ಭಾಗ ಇಲ್ಲಿ ಹೇಳುತ್ತೇನೆ.

ಮೊದಲನೇ ಶನಿವಾರ ಮಕ್ಕಳು 14 ತೂಬುಗಳನ್ನು ಗುರುತು ಮಾಡಿಕೊಂಡು ಬಂದರು. ಪಟ್ಟಿಯಲ್ಲಿ ತೂಬು 1, ತೂಬು 2 ಅಂತ ಇತ್ತು, ಅಷ್ಟೇ. ಎರಡನೇ ವಾರ ಏರಿಯ ಮೇಲೆ ನಾಲೆ ನೀರು ನೋಡಿಕೊಳ್ಳುವ ನೀರುಗಂಟಿ ಸಿಕ್ಕರು. ಸೈಕಲ್ ನಿಲ್ಲಿಸಿ, ಟವೆಲ್ ಕೊಡವಿ, ಪುಸ್ತಕ ಇಣುಕಿ ನೋಡಿದರು. ‘ಇದು ಎಂಟನೇ ತೂಬು ಅಂದ್ರೆ ಯಾರಿಗ್ ಗೊತ್ತಾಯ್ತದೆ ಕಣ್ರಪ್ಪಾ? ಹುಣಸೆಮರದ್ ತೂಬು ಅಂತ ಬರ್ಕೊಳ್ಳಿ’ ಅಂದರು. ಮರ ಎಲ್ಲಿದೆ ಅಂತ ಒಬ್ಬ ಹುಡುಗ ಕೇಳಿದ. ಮರ ಬಿದ್ದು ವರ್ಷಗಳಾಗಿತ್ತು. ಹೆಸರು ಉಳಿದಿತ್ತು. ಪಟ್ಟಿಗೆ ‘ಊರವರು ಕರೆಯುವ ಹೆಸರು’ ಅಂತ ಒಂದು ಕಾಲಂ ಸೇರಿತು. ಆಮೇಲೆ ಶಟರ್ ಇದೆಯಾ, ಪೈಪ್ ಒಡೆದಿದೆಯಾ, ಹೋದ ಕಟ್ಟಿನಲ್ಲಿ ನೀರು ಎಷ್ಟನೇ ದಿನ ಬಂತು ಅಂತ ಇನ್ನೂ ಮೂರು. ಕಟ್ಟು ಅಂದರೆ ನಮ್ಮ ಕಡೆ ನಾಲೆಗೆ ಸರದಿಯಲ್ಲಿ ನೀರು ಬಿಡುವ ಪದ್ಧತಿ.

ಕೊನೆಯ ಕಾಲಂ ತುಂಬಿದ ಮೇಲೆ ದಿನದ ಲೆಕ್ಕದಲ್ಲಿ ಚುಕ್ಕೆಗಳಿಗೆ ಬಣ್ಣ ಹಾಕಿದೆವು. ಬೇಗ ನೀರು ಬಂದದ್ದಕ್ಕೆ ಹಸಿರು, ತಡವಾದದ್ದಕ್ಕೆ ಕೆಂಪು. ಕೊನೆ ಭಾಗದವರಿಗೆ ನೀರು ತಡ ಅನ್ನುವುದು ಮಂಡ್ಯದಲ್ಲಿ ಎಳೆಮಕ್ಕಳಿಗೂ ಗೊತ್ತು. ಆದರೆ ಮಧ್ಯದಲ್ಲಿ ಒಂಬತ್ತನೇ ತೂಬು ಒಂದೇ ಕೆಂಪಗೆ ನಿಂತಿತ್ತು. ಅದಕ್ಕಿಂತ ಕೆಳಗಿನ ಹತ್ತು, ಹನ್ನೊಂದು ಹಸಿರು. ಬರೆದದ್ದು ತಪ್ಪಿರಬೇಕು ಅಂದುಕೊಂಡೆವು. ಮತ್ತೆ ಹೋಗಿ ಇಬ್ಬರು ಹುಡುಗಿಯರು ಬಗ್ಗಿ ಕೈ ಹಾಕಿ ನೋಡಿದರು. ತೂಬಿನ ಬಾಯಲ್ಲಿ ಹೂಳು, ಹೂಳಿನೊಳಗೆ ಹರಿದ ಒಂದು ಗೊಬ್ಬರದ ಚೀಲ.

ಉಪಗ್ರಹಕ್ಕೆ ಆ ಚೀಲ ಕಾಣುವುದಿಲ್ಲ ಮೇಡಂ. ಆದರೆ ಎಲ್ಲಿ ಬಗ್ಗಿ ನೋಡಬೇಕು ಅಂತ ನಕ್ಷೆ ಹೇಳಿತು. ಹಾಗಾಗಿ ಸಾಫ್ಟ್‌ವೇರ್ ತೆರೆದು ‘ಇದು ಮೆನು, ಇದು ಟೂಲ್’ ಅಂತ ಶುರು ಮಾಡಲೇಬೇಡಿ. ನಿಮ್ಮೂರಿನ ಒಂದು ಪ್ರಶ್ನೆ ಹಿಡಿಯಿರಿ. ನಿಮ್ಮದು ಪಾಂಡವಪುರದ ಕಡೆ, ಆಲೆಮನೆ ಇಟ್ಟುಕೊಳ್ಳಿ. ‘ಮಂಡ್ಯ ಕಬ್ಬಿನ ನಾಡು’ ಅಂತ ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡಿದ ಮಕ್ಕಳು, ಯಾವ ಆಲೆಮನೆ ಉರಿಯುತ್ತಿದೆ, ಯಾವುದು ಮುಚ್ಚಿದೆ, ಕಬ್ಬು ಎಲ್ಲಿಂದ ಬರುತ್ತೆ, ಒಲೆಗೆ ಏನು ಹಾಕುತ್ತಾರೆ ಅಂತ ಕೇಳಿಕೊಂಡು ಬರಲಿ. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೇ ಬರುತ್ತಾರೆ, ಅದಕ್ಕೆ ಬೈಯಬೇಡಿ.

ಪ್ರಶ್ನೆ: ನಮ್ಮಲ್ಲಿ ಇರುವುದು ಮೂರು ಕಂಪ್ಯೂಟರ್. ಓಡುವುದು ಒಂದು. ಕರೆಂಟ್ ಇದ್ದಾಗ ನೆಟ್ ಇಲ್ಲ. ಜಿಐಎಸ್ ಎಲ್ಲ ದೊಡ್ಡ ಶಾಲೆಗಳ ಮಾತಲ್ಲವೇ?
— ಮುಖ್ಯ ಶಿಕ್ಷಕರು, ನಾಗಮಂಗಲ ತಾಲ್ಲೂಕು

ಉತ್ತರ: ಸರ್, ದೊಡ್ಡ ಶಾಲೆಯ ಕತೆ ಕೇಳಿ. ಹೆಸರು ಬೇಡ. ಬಾಗಿಲ ಮೇಲೆ ‘ಜಿಐಎಸ್ ಲ್ಯಾಬ್’ ಅಂತ ಹಿತ್ತಾಳೆ ಬೋರ್ಡು. ಬಾಗಿಲಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಅಂತ ಹುಡುಕಲು ಅರ್ಧ ಗಂಟೆ. ಒಳಗೆ ಕಂಪ್ಯೂಟರ್‌ಗಳ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ನಿಮ್ಮ ಓಡುವ ಒಂದು ಕಂಪ್ಯೂಟರ್ ಅದಕ್ಕಿಂತ ವಾಸಿ.

ಅದರಲ್ಲಿ ಕ್ಯುಜಿಐಎಸ್ ಹಾಕಿ. 2002ರಲ್ಲಿ ಶುರುವಾದ, ಯಾರು ಬೇಕಾದರೂ ಬಳಸಬಹುದಾದ ಪುಕ್ಕಟೆ ಸಾಫ್ಟ್‌ವೇರ್. ಪುಕ್ಕಟೆ ಅಂತ ಸಸಾರ ಮಾಡಬೇಡಿ, ಹೊಟ್ಟೆಪಾಡಿನ ಕೆಲಸವನ್ನೂ ನಾನು ಅದರಲ್ಲೇ ಮಾಡುವುದು. 4 ಜಿಬಿ ರ್‍ಯಾಮಿನ ಹಳೇ ಕಂಪ್ಯೂಟರ್‌ನಲ್ಲೂ ಓಡಿಸಿದ್ದೇನೆ. ಕುಂಟುತ್ತದೆ, ಆದರೆ ಊರು ಸೇರಿಸುತ್ತದೆ. ಒಂದ್ಸಲ ಹಾಕಿಕೊಂಡ ಮೇಲೆ ನೆಟ್ ಬೇಕೇ ಬೇಕು ಅಂತೇನಿಲ್ಲ. ಪೆನ್ ಡ್ರೈವ್‌ನಲ್ಲಿ ಗ್ರಾಮ ನಕ್ಷೆ ಹಾಕಿಕೊಂಡು ಬಂದರೆ ಸಾಕು. ನೆಟ್ ಸಿಕ್ಕ ದಿನ ಇಸ್ರೋದ ಉಪಗ್ರಹ ನಕ್ಷೆಗಳ ತಾಣ ಭುವನ್ ತೋರಿಸಿ. 2009ರಿಂದ ಇದೆ. ಶಾಲೆ ಮಕ್ಕಳಿಗೆ ಅಂತಲೇ ಎನ್‌ಸಿಇಆರ್‌ಟಿ ಜೊತೆ ಸೇರಿ ಮಾಡಿದ ‘ಸ್ಕೂಲ್ ಭುವನ್’ ಕೂಡ ಇದೆ.

ಅದೂ ಆಗಲ್ಲ ಅಂದರೆ ಟ್ರೇಸಿಂಗ್ ಪೇಪರ್ ತನ್ನಿ. ಗ್ರಾಮ ನಕ್ಷೆಯ ಒಂದು ಜೆರಾಕ್ಸ್ ಕೆಳಗಿರಲಿ. ಒಂದು ಹಾಳೆಯಲ್ಲಿ ಕೆರೆ, ಕಾಲುವೆ, ಬೋರ್‌ವೆಲ್. ಇನ್ನೊಂದರಲ್ಲಿ ಮನೆ, ದಾರಿ. ಮೂರನೆಯದರಲ್ಲಿ ಚರಂಡಿ, ತಿಪ್ಪೆ. ನಾಲ್ಕು ಮೂಲೆಗೂ ಗುರುತು ಇರಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಕೂರುವುದಿಲ್ಲ. ಮೂರನ್ನೂ ಸೇರಿಸಿ ಕಿಟಕಿ ಬೆಳಕಿಗೆ ಹಿಡಿಯಿರಿ. ಕುಡಿಯುವ ನೀರಿನ ಬೋರ್ ಪಕ್ಕದಲ್ಲೇ ಯಾರ ತಿಪ್ಪೆ ಇದೆ ಅಂತ ಮಕ್ಕಳೇ ಕೂಗಿ ಹೇಳುತ್ತಾರೆ. ಕಂಪ್ಯೂಟರ್‌ನಲ್ಲಿ ‘ಲೇಯರ್’ ಅನ್ನುವುದು ಈ ಹಾಳೆಗಳನ್ನೇ.

1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಅನ್ನುವ ವೈದ್ಯ ಹೀಗೇ ಮಾಡಿದ್ದು. ಯಾವ ಮನೆಯಲ್ಲಿ ಎಷ್ಟು ಸಾವು ಅಂತ ನಕ್ಷೆಯ ಮೇಲೆ ಕಪ್ಪು ಗೀಟು ಹಾಕಿದ. ಗೀಟುಗಳೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪ್ ಸುತ್ತ ಗುಂಪು ಸೇರಿದ್ದವು. ಕಂಪ್ಯೂಟರ್ ಬಂದದ್ದು ಎಷ್ಟೋ ಆಮೇಲೆ. ಕೆನಡಾ ದೇಶ ಇಡೀ ನೆಲದ ಲೆಕ್ಕ ಹಾಕಲು ಹೊರಟಿತು. ಅಷ್ಟು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಕೈಯಲ್ಲಿ ಅಳೆದರೆ ಮುಗಿಯುವುದೇ ಇಲ್ಲ ಅಂತ ಗೊತ್ತಾಯಿತು. ಆಗ 1960ರ ದಶಕದಲ್ಲಿ ರೋಜರ್ ಟಾಮ್ಲಿನ್ಸನ್ ಅನ್ನುವವರು ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಹಾಳೆ ಸಾಲದಷ್ಟು ಕೆಲಸ ಬಂದಾಗ ನೀವೂ ಒಪ್ಪಿಸಿ, ಸರ್. ಅಲ್ಲಿಯವರೆಗೆ ಟ್ರೇಸಿಂಗ್ ಪೇಪರ್ ನಡೆಯಲಿ.

ಪ್ರಶ್ನೆ: ಶಾಲೆಯ ಅಂಗಳದಲ್ಲಿ ನಿಂತು ಫೋನ್ ನೋಡಿದಾಗ 12.52, 76.90 ಅಂತ ಬಂತು. ಅದೇ ಕ್ರಮದಲ್ಲಿ ಕ್ಯುಜಿಐಎಸ್‌ಗೆ ಹಾಕಿದೆವು. ಚುಕ್ಕೆ ಉತ್ತರ ಧ್ರುವದ ಹತ್ತಿರ ಸಮುದ್ರದಲ್ಲಿ ಬಿತ್ತು. ಮಕ್ಕಳು ನಕ್ಕಿದ್ದೇ ನಕ್ಕಿದ್ದು. ಏನು ತಪ್ಪು?
— ಕಂಪ್ಯೂಟರ್ ಶಿಕ್ಷಕ, ಮಂಡ್ಯ

ಉತ್ತರ: ನಿಮ್ಮ ಶಾಲೆ ಈಗ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕ ತೇಲುತ್ತಿದೆ. ಹಿಮಕರಡಿಗಳ ಊರು. ಗಾಬರಿ ಬೇಡ, ನಾನೂ ಮೊದಲ ಸಲ ಅಲ್ಲಿಗೇ ಹೋಗಿಬಂದವನು.

‘ಅಕ್ಷಾಂಶ-ರೇಖಾಂಶ’ ಅಂತ ನಾವು ಒಂದೇ ಉಸಿರಲ್ಲಿ ಹೇಳಿ ಹೇಳಿ ಅಕ್ಷಾಂಶವೇ ಮೊದಲು ಅಂತ ಕೈಗೆ ಅಭ್ಯಾಸ ಆಗಿಬಿಟ್ಟಿದೆ. ಸಾಫ್ಟ್‌ವೇರ್ ಕೇಳುವುದು ಎಕ್ಸ್, ವೈ. ಎಕ್ಸ್ ಅಂದರೆ ಅಡ್ಡಕ್ಕೆ, ಅಂದರೆ ರೇಖಾಂಶ. ನೀವು ಅಲ್ಲಿ 12.52 ಕೊಟ್ಟಿರಿ, ವೈ ಜಾಗಕ್ಕೆ 76.90. ಉತ್ತರಕ್ಕೆ 76.90 ಡಿಗ್ರಿ ಹತ್ತಿದರೆ ಹಿಮವೇ ಸಿಗುವುದು. ಮಕ್ಕಳಿಗೆ ನಾನು ಹೇಳಿಕೊಡುವುದು ‘ಎಕ್ಸ್‌ಗೆ ಎಪ್ಪತ್ತಾರು’ ಅಂತ. ಮದ್ದೂರು, ಮಳವಳ್ಳಿಯ ಕಡೆಯವರು ‘ಎಪ್ಪತ್ತೇಳು’ ಅಂದುಕೊಳ್ಳಬೇಕು, ಪ್ರಾಸಕ್ಕೇನೂ ಮೋಸವಿಲ್ಲ.

ಇದಕ್ಕಿಂತ ಕಳ್ಳ ತಪ್ಪು ಇನ್ನೊಂದಿದೆ. ಕೆಲವು ಫೋನುಗಳು 12 ಡಿಗ್ರಿ 31 ನಿಮಿಷ 20 ಸೆಕೆಂಡ್ ಅಂತ ತೋರಿಸುತ್ತವೆ. ಮಕ್ಕಳು ಅದನ್ನು ಹಾಗೇ 12.3120 ಅಂತ ಬರೆದುಕೊಳ್ಳುತ್ತಾರೆ. ನಿಜವಾಗಿ ಅದು 12.5222. ರೇಖಾಂಶದಲ್ಲೂ ಹೀಗೇ ಮಾಡಿದರು ಅನ್ನಿ, 76 ಡಿಗ್ರಿ 53 ನಿಮಿಷ 40 ಸೆಕೆಂಡ್ ಇದ್ದದ್ದು 76.5340 ಆಗುತ್ತದೆ. ಮಂಡ್ಯದ ಕೈಪಂಪು ಸುಮಾರು 45 ಕಿ.ಮೀ. ಹಾರಿ ಮೈಸೂರಿನ ಆಚೆ ಪಶ್ಚಿಮಕ್ಕೆ ಕೂರುತ್ತದೆ. ಸಮುದ್ರಕ್ಕೆ ಬಿದ್ದರೆ ಎಲ್ಲರೂ ನಗುತ್ತಾರೆ, ಗೊತ್ತಾಗುತ್ತದೆ. ಮೈಸೂರಿನ ಪಕ್ಕ ಬಿದ್ದರೆ ಯಾರೂ ನಗುವುದಿಲ್ಲ. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸುವ ಲೆಕ್ಕವನ್ನು ಗಣಿತದ ಮೇಷ್ಟ್ರಿಗೆ ವಹಿಸಿ. ಅವರಿಗೂ ಒಂದು ಕೆಲಸ ಇರಲಿ.

ದೂರ ಅಳೆಯುವ ಮೊದಲು ನಕ್ಷೆಯನ್ನು ಯುಟಿಎಂ 43ನೇ ಉತ್ತರ ವಲಯಕ್ಕೆ ಬದಲಿಸಿಕೊಳ್ಳಿ. ಯುಟಿಎಂ ಅಂದರೆ ಜಾಗವನ್ನು ಡಿಗ್ರಿ ಬದಲು ಮೀಟರಿನಲ್ಲಿ ಹೇಳುವ ಪದ್ಧತಿ. ಸಾಫ್ಟ್‌ವೇರಿನ ಪಟ್ಟಿಯಲ್ಲಿ 32643 ಅಂತ ಹುಡುಕಿದರೆ ಸಿಗುತ್ತದೆ. ಮೈಸೂರು, ಮಂಡ್ಯ ಎರಡೂ ಅದರಲ್ಲೇ ಬರುತ್ತವೆ. 78 ಡಿಗ್ರಿ ದಾಟಿ ಕೋಲಾರಕ್ಕೆ ಹೋದರೆ 44. ಇದನ್ನು ಮಾಡದೆ ಬೋರ್‌ವೆಲ್ ಸುತ್ತ 100 ಮೀಟರಿನ ವೃತ್ತ ಹಾಕಲು ಹೋದಿರೋ, ಅದು 100 ಡಿಗ್ರಿ ಅಂದುಕೊಂಡು ಅರ್ಧ ಭೂಗೋಳ ನುಂಗುತ್ತದೆ.

ಪ್ರಶ್ನೆ: ಮಗಳು ಎಂಟನೇ ಕ್ಲಾಸ್. ‘ಪ್ರಾಜೆಕ್ಟ್’ ಅಂತ ಫೋನ್ ಹಿಡಿದು ಬೀದಿ ಸುತ್ತಬೇಕಂತೆ. ನನಗೆ ಸರಿ ಕಾಣುತ್ತಿಲ್ಲ. ಇದರಿಂದ ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಏನಾದರೂ ಬರುತ್ತಾ?
— ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಅಳುಕು ನ್ಯಾಯವಾದದ್ದೇ ಅಮ್ಮಾ. ಶಾಲೆಯವರನ್ನು ಹೋಗಿ ಕೇಳಿ. ಐದಾರು ಮಕ್ಕಳ ಗುಂಪಿಗೆ ಒಂದೇ ಫೋನ್, ಅದೂ ಟೀಚರದ್ದು, ಜೊತೆಗೆ ಒಬ್ಬರು ದೊಡ್ಡವರು, ಹಗಲು ಹೊತ್ತು. ಇಷ್ಟಿದ್ದರೆ ಕಳಿಸಿ. ಇಲ್ಲದಿದ್ದರೆ ಬೇಡ ಅನ್ನಿ, ನಾನು ಹೇಳಿದೆ ಅಂತಲೇ ಹೇಳಿ.

ಇನ್ನೊಂದು ಮಾತು. ಮರ, ಬೀದಿ ದೀಪ, ಮಳೆನೀರು ನಿಲ್ಲುವ ಜಾಗ, ಮುಚ್ಚಳವಿಲ್ಲದ ಚರಂಡಿ ಎಲ್ಲ ಗುರುತು ಮಾಡಲಿ. ಯಾವ ಮನೆಯಲ್ಲಿ ಯಾವ ಜಾತಿಯವರಿದ್ದಾರೆ, ಯಾರಿಗೆ ಏನು ಕಾಯಿಲೆ, ಯಾವ ಹುಡುಗಿಯ ಮನೆ ಎಲ್ಲಿ ಅನ್ನುವುದು ಮಾತ್ರ ನಕ್ಷೆಗೆ ಬರಕೂಡದು. ಒಂದು ಕಡೆ ಉತ್ಸಾಹದಲ್ಲಿ ‘ಕ್ಲಾಸಿನ ಎಲ್ಲರ ಮನೆ’ ಅಂತ ಒಂದು ಲೇಯರ್ ಮಾಡಿದ್ದರು. ನಾನೇ ಕೂತು ಅಳಿಸಿಸಿದೆ. ಲೊಕೇಶನ್ ಆನ್ ಇದ್ದರೆ ಫೋಟೋದೊಳಗೇ ಜಾಗದ ಅಕ್ಷಾಂಶ, ರೇಖಾಂಶ ಕೂತಿರಬಹುದು, ಅದನ್ನೂ ಮಗಳಿಗೆ ಹೇಳಿ.

ಮಾರ್ಕ್ಸ್? ನೇರವಾಗಿ ಇಲ್ಲ. ಭಾರತದ ನಕ್ಷೆ ಬಿಡಿಸಿ ಗುರುತಿಸುವ ಪ್ರಶ್ನೆಗೆ ಕೈ ಸ್ವಲ್ಪ ಗಟ್ಟಿಯಾಗಬಹುದು, ಅಷ್ಟೆ. ಮುಂದೆ ಓದುವ ಮನಸ್ಸಿದ್ದರೆ ನಿಮ್ಮ ಮನೆಗೆ ಹತ್ತಿರದಲ್ಲೇ ಮಾನಸಗಂಗೋತ್ರಿಯಲ್ಲಿ ಭೂಗೋಳ ವಿಭಾಗವಿದೆ. ನಕ್ಷೆ ಮಾಡುವುದಕ್ಕೆ ಇದ್ದ ಕಟ್ಟುಪಾಡುಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಸಡಿಲ ಮಾಡಿತು, 2022ರಲ್ಲಿ ಇದಕ್ಕೇ ಒಂದು ರಾಷ್ಟ್ರೀಯ ನೀತಿಯನ್ನೂ ತಂದಿತು. ನನ್ನ ಕಾಲದಲ್ಲಿ ಸರ್ವೆ ಅಂದರೆ ಬಿಸಿಲು. ಈಗ ಏಸಿ ಕೋಣೆಯಲ್ಲೂ ಕೆಲಸ ಇದೆಯಂತೆ.

ಪ್ರಶ್ನೆ: ಮಗ ಶಾಲೆಯಲ್ಲಿ ಕಲಿತು ಬಂದು ನಮ್ಮ ಜಮೀನಿನ ಬದುವಿನ ಮೇಲೆ ಫೋನ್ ಹಿಡಿದು ಒಂದು ಸುತ್ತು ಬಂದ. ಪಹಣಿಯಲ್ಲಿ 20 ಗುಂಟೆ ಇದೆ, ಫೋನಿನಲ್ಲಿ 18 ಬಂತು. ಪಕ್ಕದವರು ಎರಡು ಗುಂಟೆ ಒತ್ತಿದ್ದಾರೆ ತಾನೇ?
— ರೈತ, ಕೆ.ಆರ್.ಪೇಟೆ ತಾಲ್ಲೂಕು

ಉತ್ತರ: ಅಣ್ಣಾ, ದೊಣ್ಣೆ ಕೆಳಗಿಡಿ. ಗುಂಟೆ ಅಂದರೆ 33 ಅಡಿಗೆ 33 ಅಡಿ. 20 ಗುಂಟೆಯ ಚೌಕ ಜಮೀನಿಗೆ ಒಂದೊಂದು ಬದು ಸುಮಾರು 45 ಮೀಟರ್. ಬಯಲಲ್ಲಿ ನಿಂತರೂ ಫೋನು ಐದು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಒಂದೇ ಒಂದು ಬದು ಐದು ಮೀಟರ್ ಒಳಗೆ ಬಂತು ಅಂದರೆ 225 ಚದರ ಮೀಟರ್, ಅಂದರೆ ಎರಡು ಗುಂಟೆಗೂ ಜಾಸ್ತಿ. ನಿಮ್ಮ ಎರಡು ಗುಂಟೆ ಪಕ್ಕದವರ ಹತ್ತಿರ ಇಲ್ಲದೆಯೂ ಇರಬಹುದು, ಮಗನ ಫೋನಿನೊಳಗೇ ಇರಬಹುದು.

ಅನುಮಾನ ಹೋಗದಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ನಾಡಕಚೇರಿಯಲ್ಲೇ ತೆಗೆದುಕೊಳ್ಳುತ್ತಾರೆ. ಭೂಮಾಪಕರು ಟಿಪ್ಪಣಿ (ಹಳೇ ಸರ್ವೆಯ ಅಳತೆ ದಾಖಲೆ) ನೋಡಿ, ಗಡಿಯ ಬಾಂದು ಕಲ್ಲು ಹುಡುಕಿ ಅಳೆಯುತ್ತಾರೆ. ಈಗ ರೋವರ್ ಅನ್ನುವ ಯಂತ್ರವೂ ಬಂದಿದೆ, ಅದರದ್ದು ಸೆಂಟಿಮೀಟರ್ ಲೆಕ್ಕ. ಮಗನನ್ನು ಬೈಯಬೇಡಿ. ಬೇರೆ ಬೇರೆ ಹೊತ್ತಿನಲ್ಲಿ ಐದು ಸಲ ಸುತ್ತಿ, ಐದು ಸಲ ಏನೇನು ಬಂತು ಅಂತ ಬರೆದಿಡಲು ಹೇಳಿ. ಒಳ್ಳೇ ಪ್ರಾಜೆಕ್ಟ್ ಆಗುತ್ತದೆ.

ಪ್ರಶ್ನೆ: 1:50,000 ಅಂತ ಸ್ಕೇಲ್ ಪುಸ್ತಕದಲ್ಲಿ ಓದಿದ್ದೇನೆ. ನಮ್ಮ ಹಳೇ ಗ್ರಾಮ ನಕ್ಷೆಯಲ್ಲಿ 1:7920 ಅಂತ ಇದೆ. ಅಚ್ಚಿನ ತಪ್ಪಾ ಸರ್?
— ಹತ್ತನೇ ತರಗತಿ ವಿದ್ಯಾರ್ಥಿನಿ, ಮಳವಳ್ಳಿ

ಉತ್ತರ: ತಪ್ಪಲ್ಲಮ್ಮ. ಇಷ್ಟು ಜನರಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಪ್ರಶ್ನೆ ನಿನ್ನದೇ. ಒಂದು ಮೈಲಿಗೆ 63,360 ಇಂಚು. ಅದನ್ನು 8ರಿಂದ ಭಾಗಿಸು, 7920. ಅಂದರೆ ನೆಲದ ಮೇಲಿನ ಒಂದು ಮೈಲಿ ಕಾಗದದಲ್ಲಿ 8 ಇಂಚು. ಇಂಚು ಒಂದಕ್ಕೆ 660 ಅಡಿ, ನಮ್ಮ 33 ಅಡಿ ಸರಪಳಿಯಲ್ಲಿ ಸರಿಯಾಗಿ 20 ಸರಪಳಿ. ಈಗ ಒಂದು ಚದರ ಇಂಚು ತೆಗೆದುಕೋ. 660 ಗುಣಿಸು 660. ಬಂದದ್ದನ್ನು ಎಕರೆಗೆ 43,560 ಚದರ ಅಡಿಯಂತೆ ಭಾಗಿಸಿ ನೋಡು. ಉತ್ತರ ನಾನು ಹೇಳುವುದಿಲ್ಲ. ಹಳಬರು ನಕ್ಷೆಯ ಮೇಲೆ ಇಂಚುಪಟ್ಟಿ ಇಟ್ಟು ಬಾಯಲ್ಲೇ ಎಕರೆ ಹೇಳುತ್ತಿದ್ದ ಗುಟ್ಟು ಗೊತ್ತಾಗುತ್ತದೆ.

ಪ್ರಶ್ನೆ: ಜಿಪಿಎಸ್ ಬರುವ ಮೊದಲು ನಮ್ಮ ಸೀಮೆಯ ನಕ್ಷೆ ಹೇಗೆ ಮಾಡಿದರು? ಮಕ್ಕಳಿಗೆ ಹೇಳಲು ಒಂದು ಕತೆ ಬೇಕು.
— ನಿವೃತ್ತ ಶಿಕ್ಷಕರು, ಶ್ರೀರಂಗಪಟ್ಟಣ

ಉತ್ತರ: ಕತೆ ನಿಮ್ಮೂರಿನ ಬಾಗಿಲಲ್ಲೇ ಇದೆ ಸರ್. 1799ರ ಏಪ್ರಿಲ್. ಟಿಪ್ಪುವಿನ ಮೇಲೆ ಬಂದ ಇಂಗ್ಲಿಷರ ಪಡೆಯ ಒಂದು ತುಕಡಿ ಶ್ರೀರಂಗಪಟ್ಟಣದ ಹೊರಗೆ ರಾತ್ರಿ ಕತ್ತಲಲ್ಲಿ ನಡೆಯುತ್ತಿತ್ತು. ಅದರಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಆಕಾಶದ ಸಪ್ತರ್ಷಿ ಮಂಡಲ ನೋಡಿ, ‘ನಾವು ದಕ್ಷಿಣಕ್ಕೆ ಹೋಗಬೇಕಾದವರು ಉತ್ತರಕ್ಕೆ, ಟಿಪ್ಪುವಿನ ಪಾಳೆಯದ ಕಡೆಗೇ ಹೋಗುತ್ತಿದ್ದೇವೆ’ ಅಂದನಂತೆ. ದಳಪತಿ ಬೇರ್ಡ್‌ಗೆ ಸಿಟ್ಟು ಬಂತಂತೆ, ನಕ್ಷತ್ರ ನೋಡಿ ದಾರಿ ತಿಳಿಯಬೇಕಾಗಿಲ್ಲ ಅಂತ. ಸ್ವಲ್ಪ ದೂರದಲ್ಲೇ ಟಿಪ್ಪುವಿನ ಕಾವಲುಪಡೆ ಎದುರಾಯಿತು. ಇದೇ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಅಡಿಗೆರೆ, ಅಂದರೆ ಮುಂದಿನ ಲೆಕ್ಕಕ್ಕೆಲ್ಲ ಆಧಾರವಾಗುವ ಮೊದಲ ನೇರ ಗೆರೆ ಅಳೆದು, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಇಡೀ ದೇಶ ಅಳೆಯುವ ಕೆಲಸ ಶುರು ಮಾಡಿದ. ಕತೆ ಹೇಳಿದ ಮೇಲೆ ಸರ್ವೆ ಆಫ್ ಇಂಡಿಯಾದ 57ಡಿ/11 ಹಾಳೆ ಹರಡಿ. ಶ್ರೀರಂಗಪಟ್ಟಣ, ಮೈಸೂರು, ಕನ್ನಂಬಾಡಿ ಕಟ್ಟೆ ಮೂರೂ ಒಂದೇ ಹಾಳೆಯಲ್ಲಿ ಸಿಗುತ್ತವೆ.

ಪ್ರಶ್ನೆ: ನಮ್ಮೂರಿನ 11 ಕೈಪಂಪುಗಳ ಪಟ್ಟಿ ಕಳಿಸಿದ್ದೇನೆ. ಸರಿ ಇದೆಯಾ ನೋಡಿ ಸರ್.
— ಒಂಬತ್ತನೇ ತರಗತಿ ವಿದ್ಯಾರ್ಥಿ, ಮದ್ದೂರು ತಾಲ್ಲೂಕು

ಉತ್ತರ: ಅಕ್ಷರ ಚೆನ್ನಾಗಿದೆ ಮರಿ. ಎಕ್ಸ್‌ಗೆ 77 ಹಾಕಿದ್ದೀಯ, ಭೇಷ್. ಆದರೆ ಮೂರು ಪಂಪುಗಳ ಎದುರು ಸುಮ್ನೆ ‘ಕೆಟ್ಟಿದೆ’ ಅಂತ ಬರೆದಿದ್ದೀಯ. ಹಿಡಿ ಮುರಿದಿದೆಯೋ, ನೀರು ಬತ್ತಿದೆಯೋ, ನೀರು ಬಂದರೂ ಉಪ್ಪಂತ ಯಾರೂ ಹೊಡೆಯುತ್ತಿಲ್ಲವೋ? ಮೂರಕ್ಕೂ ಬೇರೆ ಬೇರೆ ಬಣ್ಣ ಬೇಕು. ಯಾವ ವರ್ಷದಿಂದ ಅನ್ನುವುದಕ್ಕೂ ಒಂದು ಕಾಲಂ ಹಾಕು. ಇನ್ನು ಏಳನೇ ಪಂಪು. ಅದರ ಮುಂದೆ ಏನೂ ಬರೆಯದೆ ಬರೀ ಒಂದು ಗೀಟು ಎಳೆದಿದ್ದೀಯಲ್ಲ, ಅಲ್ಲಿಗೆ ಹೋಗಿದ್ದೆಯೋ ಇಲ್ಲವೋ? ಶನಿವಾರ ಶಾಲೆ ಬಿಟ್ಟ ಮೇಲೆ ಹೋಗು, ಪಂಪಿನ ಎದುರು ಮನೆ ಜಗುಲಿಯಲ್ಲಿ ಯಾರಾದರೂ ಅಜ್ಜಿ ಕೂತಿದ್ದರೆ ಕೇಳಿಕೊಂಡು ಬಾ.